ಕಲ್ಲಿನ ಮುಖ ನೋಡುವ ಮಾಮ

ನಮ್ಮ ಮಾಮನ ಕಣ್ಣಿಗೆ ಬೀಳಬೇಕೆಂದರೆ ನೀವು ಮೊದಲು ಸಾಯಬೇಕು. ಆಮೇಲೆ ಯಾರಾದರೂ ನಿಮ್ಮ ಮುಖವನ್ನು ಕರಿಕಲ್ಲಿನಲ್ಲಿ ಕೊರೆಯಬೇಕು! ಬದುಕಿರುವವರ ಹೆಸರು ಅವರಿಗೆ ನೆನಪಿರುವುದಿಲ್ಲ. ಯಾದಗಿರಿ ಸುತ್ತಲಿನ ಸಮಾಧಿಗಳಲ್ಲಿ ಯಾರ ಮೂಗು ಸೊಟ್ಟಗಿದೆ ಎಂಬುದು ಮಾತ್ರ ಬಾಯಿಪಾಠ.

ರಾಮಸಮುದ್ರದಲ್ಲಿ ಪರಿಚಿತರೊಬ್ಬರು ತೀರಿಕೊಂಡು ವರ್ಷವಾದಾಗ ಹೋಗಿದ್ದೆವು. ಎಲ್ಲರೂ ಕಣ್ಣೊರೆಸಿಕೊಳ್ಳುತ್ತಿದ್ದರೆ ಮಾಮ ಭೂತಗನ್ನಡಿ ಹಿಡಿದು ಸಮಾಧಿಯ ಕಲ್ಲಿನಲ್ಲಿ ಕೊರೆದ ಮುಖದ ಮೇಲೆ ಬಾಗಿದರು.

"ಗಲ್ಲದ ಮ್ಯಾಲಿನ ಚುಕ್ಕಿ ಎಷ್ಟ ಹಗೂರ ಹೊಡದಾನ ನೋಡ್ರಿ! ಆದ್ರ ಕಣ್ಣ ಕೆಡಿಸ್ಯಾನ."

ಸತ್ತವರ ಮಗ ಹಲ್ಲು ಕಚ್ಚಿ ಹೇಳಿದ, "ಕಾಕಾ, ಮೊದ್ಲ ನಮ್ಮಪ್ಪಗ ಕೈ ಮುಗೀರಿ."

"ಇಂವ ನಿಮ್ಮಪ್ಪ ಅಲ್ಲ ಬಿಡೋ ತಮ್ಮಾ. ನಿಮ್ಮಪ್ಪನ ಕಣ್ಣಾಗ ನಗಿ ಇತ್ತು!"

ಅಂದು ನಮ್ಮನ್ನು ಊಟಕ್ಕೆ ಕರೆದವರಿಲ್ಲ.

ಈ ವರ್ಷ ಮಾಮನ ಹೆಂಡತಿ, ನಮ್ಮ ಅತ್ತೆಯೇ ತೀರಿಹೋದರು. ಅವರ ಮುಖ ಕೊರೆಯಲು ಒಪ್ಪಿಕೊಂಡ ಶಹಾಪುರದ ಕಲ್ಲುಕುಟಿಗನ ಗತಿ ಏನು ಹೇಳಲಿ! ನಯಗೊಳಿಸಿದ ಕರಿಕಲ್ಲಿನಲ್ಲಿ ನೆರಳನ್ನು ಕೊರೆಯಲಾಗದು. ಉಳಿಯ ಮೊನೆ ತಾಗಿದಲ್ಲಿ ಬಿಳಿ ಚುಕ್ಕಿ, ಮುಟ್ಟದೆ ಬಿಟ್ಟದ್ದೇ ಕತ್ತಲೆ. ಒಂದು ಚುಕ್ಕಿ ಹೆಚ್ಚಾದರೂ ಅಳಿಸುವಂತಿಲ್ಲ. ಮಾಮ ಎರಡು ಕಲ್ಲು ಬೇಡವೆಂದರು. ಮೂರನೆಯದನ್ನು ನೋಡಲು ಅವರ ಜೊತೆ ನಾನೂ ಹೋಗಿದ್ದೆ. ಅದರಲ್ಲಿ ಅತ್ತೆ ಸ್ವಲ್ಪ ಪಕ್ಕಕ್ಕೆ ತಿರುಗಿದ್ದರು. ಹಣೆ, ಮೂಗು, ಒಂದು ಕೆನ್ನೆಗೆ ಮಾತ್ರ ಬೆಳಕು. ಸೆರಗಿನ ಅಂಚು ಕಲ್ಲಿನ ಕಪ್ಪಿನೊಳಗೇ ಕರಗಿತ್ತು.

"ಒಂದ ಕಿವಿ ಕತ್ತಲ್ಯಾಗ ಹೋಗ್ಯಾದ್ರಿ. ಕೊರೀಲೇನ್ರಿ?" ಕುಟಿಗ ಕೇಳಿದ.

"ಬ್ಯಾಡ. ಆಕಿ ನನ್ನ ಮಾತ ಒಂದ ಕಿವೀಲೇ ಕೇಳತಿದ್ಲು!"

ಕುಟಿಗ ನಕ್ಕು, ಕಲ್ಲು ತೊಳೆಯಲು ನೀರು ತರಲು ಹೋದ. ಎದೆಯೆತ್ತರದ ಕಲ್ಲು ಗೋಡೆಗೆ ಒರಗಿತ್ತು. ನಯದ ಮೈಮೇಲೆ ಬಿಸಿಲು ಕೋರೈಸಿ ಚುಕ್ಕಿಗಳು ಕಾಣುತ್ತಿರಲಿಲ್ಲ. ಹೊಳಪು ತಪ್ಪಿಸಲು ಮಾಮ ಅದರ ತುದಿಗೆ ಬೆರಳು ಹಾಕಿ ಒಂಚೂರು ಮುಂದಕ್ಕೆ ಎಳೆದರು.

ಒಂಚೂರೇ. ಆ ಕಲ್ಲು ನನ್ನ ಕಣ್ಣೊಳಗೆ ಇನ್ನೂ ಬೀಳುತ್ತಲೇ ಇದೆ. ಮೂರು ಹೆಜ್ಜೆ ದೂರದಲ್ಲಿದ್ದೆ. ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವಳು. ಭಾರವಾದದ್ದು ಕೆಳಗೆ ಬೀಳುತ್ತದೆಂದು ಪರೀಕ್ಷೆಯಲ್ಲಿ ಬರೆದು ಪಾಸಾದವಳು! "ಮಾಮಾ" ಎಂದು ಕೂಗಲಿಕ್ಕೂ ಆಗಲಿಲ್ಲ. ಮಾಮ ಓಡಲಿಲ್ಲ. ಎರಡೂ ಅಂಗೈ ಎತ್ತಿ, ಎದೆಕೊಟ್ಟು ನಿಂತರು. ಅವರ ಮೊಣಕೈ ಮಡಚುತ್ತಾ ಬಂದದ್ದನ್ನು ನೋಡಿದೆ.

ಕೊಡ ಬಿದ್ದ ಸದ್ದು ಕೇಳಿಸಿತು. ಕುಟಿಗ ಬಂದು ಅವರ ಅಂಗಿ ಹಿಡಿದು ಪಕ್ಕಕ್ಕೆಳೆದ. ಅವರು ನಿಂತಿದ್ದ ಜಾಗದಲ್ಲೇ ಕಲ್ಲು ಬಿದ್ದು ಎರಡಾಯಿತು.

"ಜೀವ ಬ್ಯಾಸರಾಗ್ಯಾದೇನ್ರಿ ಯಜಮಾನ್ರ? ಕಲ್ಲ ಇನ್ನೊಂದ ಸಿಗತಾದ!" ಕುಟಿಗ ಬೈದ.

ಮಾಮ ಧೂಳಿನಲ್ಲಿ ಕುಳಿತಿದ್ದರು. ಅಂಗೈಯಿಂದ ರಕ್ತ ಇಳಿಯುತ್ತಿತ್ತು. ಆಗ ನನಗೆ ದನಿ ಬಂತು.

"ಸರಿಯೋದ ಬಿಟ್ಟು ಕೈ ಯಾಕ ಕೊಟ್ರಿ ಮಾಮಾ?"

ಅವರು ನನ್ನನ್ನು ನೋಡಲಿಲ್ಲ.

"ಆಕಿ ಬೀಳಾಕತ್ತಿದ್ಲವ್ವಾ. ಅವತ್ತ ಬಚ್ಚಲದಾಗ ಬಿದ್ದಾಗ ನಾ ಸುರಪುರದಾಗ ಯಾರದೋ ಕಲ್ಲ ನೋಡ್ಕೋತ ನಿಂತಿದ್ದೆ. ಇವತ್ತಾದ್ರೂ ಬಾಜೂಕ ಇದ್ನಲ್ಲ."