ಎಂಜಿನ್ ಬಂದಾದರೆ ಏಳುವ ಕೂಸು

ನಮ್ಮ ಮನೆಮಂದಿ ಊರು ಬಿಟ್ಟು ಹೊರಟರೆ ಏನಾದರೊಂದು ಆಗದೆ ತಿರುಗಿ ಬಂದದ್ದಿಲ್ಲ. ಮೊದಮೊದಲು "ದೇವರೇ, ಏನೂ ಆಗದಿರಲಿ" ಎಂದು ಬೇಡಿಕೊಳ್ಳುತ್ತಿದ್ದೆ. ಈಗ "ಆಗುವುದು ಬೇಗ ಆಗಿಹೋಗಲಿ, ಮನೆಗೆ ಬಂದು ಮಲಗಿಕೊಳ್ಳುತ್ತೇನೆ" ಎಂದು ಬೇಡಿಕೊಳ್ಳುತ್ತೇನೆ.

ಮಲಗುವುದೇ ನಮ್ಮ ಮನೆಯ ದೊಡ್ಡ ಸಂಕಟ. ಇಂಡಿ ಪಟ್ಟಣದಲ್ಲಿ ನನ್ನದೊಂದು ಟಿವಿ ರಿಪೇರಿ ಅಂಗಡಿ. ಮನೆಯಲ್ಲಿ ಅವ್ವ, ಹೆಂಡತಿ, ಹತ್ತು ತಿಂಗಳ ಕೂಸು. ಕೂಸು ಹುಟ್ಟಿದಾಗಿನಿಂದ ನಾವು ಮೂವರೂ ಕಣ್ತುಂಬ ನಿದ್ದೆ ಮಾಡಿದ್ದು ನೆನಪಿಲ್ಲ. ಜೋಗುಳ ಹಾಡಿದೆವು, ಬಜೆ ತೇಯ್ದು ನೆಕ್ಕಿಸಿದೆವು, ದೃಷ್ಟಿ ತೆಗೆದೆವು. ಕೊನೆಗೆ ತಿಳಿದದ್ದು ಇಷ್ಟು: ಕಾರು ಓಡಿದರೆ ಕೂಸಿಗೆ ನಿದ್ದೆ ಹತ್ತುತ್ತದೆ, ಎಂಜಿನ್ ಬಂದಾದರೆ ಎಚ್ಚರಾಗುತ್ತದೆ.

ಅತ್ತೆ ಸೊಸೆ ಜಗಳವಿಲ್ಲದೆ ಕೂತು ನೋಡುವ ಧಾರಾವಾಹಿ ಒಂದಿದೆ. ಅದರ ಶೂಟಿಂಗ್ ನಮ್ಮ ಸೀಮೆಯಲ್ಲೇ ನಡೆದಿದೆ ಎಂದು ಯಾರೋ ಹೇಳಿದ್ದೇ ತಡ, ಆ ಜಾಗಗಳನ್ನೆಲ್ಲ ತೋರಿಸಿಕೊಂಡು ಬಾ ಎಂದು ಇಬ್ಬರೂ ಗಂಟುಬಿದ್ದರು. ದಿನವಿಡೀ ಗಾಡಿ ಓಡಿದರೆ ದಿನವಿಡೀ ಕೂಸು ಮಲಗುತ್ತದಲ್ಲ ಎಂದು ನಾನೂ ಒಪ್ಪಿದೆ. ಜಾಗ ನೋಡಬೇಕಾದರೆ ಗಾಡಿ ನಿಲ್ಲಿಸಬೇಕು ಎಂಬುದು ನಿದ್ದೆಗೆಟ್ಟ ತಲೆಗೆ ಹೊಳೆಯಲೇ ಇಲ್ಲ.

ಮನೆಗೇ ಪ್ರದಕ್ಷಿಣೆ

ಬೆಳಿಗ್ಗೆ ಆರಕ್ಕೆ ಹೊರಡುವುದೆಂದು ಠರಾವಾಗಿತ್ತು. ಆರೂವರೆಗೆ ಹೆಂಡತಿ ಕೂಸನ್ನು ಎತ್ತಿಕೊಂಡು ಕಾರಿನಲ್ಲಿ ಕೂತಳು. ಅಷ್ಟರಲ್ಲಿ ಅವ್ವ, "ರೊಟ್ಟಿ ಕಟ್ಟೂದು ಐತಿ, ಒಂದ ನಿಮಿಷ" ಎಂದು ಒಳಗೆ ಹೋದಳು. ಅವ್ವನ ಒಂದು ನಿಮಿಷ ನನಗೆ ಗೊತ್ತಿದ್ದದ್ದೇ. ಕೂಸು ಆಗಲೇ ಅಳಲು ಶುರುವಿಟ್ಟಿತ್ತು. ಅದು ಮಲಗಲಿ ಎಂದು ಕಾರನ್ನು ನಮ್ಮ ಓಣಿಗೇ ಸುತ್ತು ಹೊಡೆಸಿದೆ. ಒಂದು ಸುತ್ತು ಬರುವಷ್ಟರಲ್ಲಿ ಅವ್ವ ಶೇಂಗಾ ಚಟ್ನಿ ತರಲು ಒಳಗೆ ಹೋಗಿದ್ದಳು. ಎರಡನೆಯ ಸುತ್ತಿಗೆ ಗ್ಯಾಸ್ ಬಂದಾಗಿದೆಯೋ ಇಲ್ಲವೋ ನೋಡಲು ಹೋಗಿದ್ದಳು. ಐದನೆಯ ಸುತ್ತಿಗೆ ಕೀಲಿ ಹಾಕಿ ನಿಂತಿದ್ದವಳು, ಆರನೆಯ ಸುತ್ತಿಗೆ ಕೀಲಿ ತೆಗೆದು ಮತ್ತೆ ಒಳಗೆ ಹೋಗಿದ್ದಳು.

ಕಟ್ಟೆಯ ಮೇಲೆ ಹಲ್ಲುಜ್ಜುತ್ತಿದ್ದ ಪಕ್ಕದ ಮನೆಯ ಅಜ್ಜ ಏಳನೆಯ ಸುತ್ತಿಗೆ ಕೈ ಅಡ್ಡ ಹಿಡಿದ. "ಅಲ್ಲೋ ತಮ್ಮಾ, ಮಂದಿ ಗುಡಿಗೆ ಪ್ರದಕ್ಷಿಣಿ ಹಾಕತಾರ. ನೀ ಮನಿಗೇ ಹಾಕಾಕತ್ತೀಯಲ್ಲ, ಒಳಗ ಅಂಥಾ ದೇವರು ಯಾರ ಅದಾರೋ?"

ಸಿಂದಗಿಯ ಬಾವಿ

ಸಿಂದಗಿ ದಾಟಿದ ಮೇಲೆ ಒಂದು ಹೊಲದಲ್ಲಿ ಆ ಬಾವಿ ಇದೆ. ಧಾರಾವಾಹಿಯ ನಾಯಕಿ ಅತ್ತೆಯ ಕಾಟ ತಾಳಲಾರದೆ ಹಾರಿಕೊಂಡು, ಮುಂದಿನ ವಾರ ಹೇಗೋ ಬದುಕಿ ಬಂದ ಬಾವಿ. ಟಿವಿಯಲ್ಲಿ ಅದನ್ನು ತೋರಿಸಿದ ವಾರ ಅವ್ವ ನಾಲ್ಕು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ಸ್ವಂತ ಸೊಸೆಗೂ ಆ ನಾಲ್ಕು ದಿನ ಏನೂ ಅಂದಿರಲಿಲ್ಲ. ಅದಕ್ಕೇ ನನ್ನ ಹೆಂಡತಿಗೆ ಆ ಬಾವಿಯ ಮೇಲೆ ವಿಶೇಷ ಗೌರವ.

ಗಾಡಿ ನಿಲ್ಲಿಸಿದವನೇ ನಾನು ರೂಢಿಯ ಮೇಲೆ ಚಾವಿ ತಿರುವಿ ಎಂಜಿನ್ ಬಂದ್ ಮಾಡಿಬಿಟ್ಟೆ. ಕೂಸು ಕಣ್ಣು ಬಿಟ್ಟು ಬಾವಿಗೆಲ್ಲ ಕೇಳುವಂತೆ ಕಿರುಚಿತು. ಅದನ್ನು ಹೆಗಲಿಗೆ ಹಾಕಿಕೊಂಡು ನಾನೂ ಬಗ್ಗಿ ನೋಡಿದೆ. ತಳದಲ್ಲಿ ಮೊಣಕಾಲುದ್ದ ನೀರು, ಅದರಲ್ಲಿ ಒಂದು ಕಪ್ಪೆ.

"ಇಷ್ಟ ನೀರಾಗ ಆಕಿ ಹೆಂಗ ಮುಳುಗಿದಳು?" ಎಂದು ಅವ್ವ ಹೊಲದ ಮಾಲಕನನ್ನು ಜಬರಿಸಿದಳು.

"ಎಲ್ಲಿ ಮುಳುಗತಾಳ್ರಿ? ಒಳಗ ಹಲಗಿ ಕಟ್ಟಿ ಗಾದಿ ಹಾಸಿದ್ರು. ಹಾರಿ ಬಿದ್ದಾಕಿ ಅಲ್ಲೇ ಕೂತು ಚಾ ಕುಡದಳು."

ಅವ್ವನಿಗೆ ಸಿಟ್ಟು ತಡೆಯಲಾಗಲಿಲ್ಲ. "ನಾಕ ದಿನ ಅತ್ತೇನಿ ನಾನು, ಆ ಗಾದಿ ಮ್ಯಾಲೆ ಕೂತಾಕಿಗೆ!"

ಮಾಲಕ ನಿಟ್ಟುಸಿರು ಬಿಟ್ಟ. "ನೀವೊಬ್ಬರ ಅಲ್ರೀ ಯವ್ವಾ, ಬಂದವರೆಲ್ಲಾ ಹಂಗ ಅಂತಾರ. ಒಬ್ಬರಾದ್ರೂ ಇಲ್ಲಿಗೆ ಬಂದು ಅತ್ತಿದ್ರ ಬಾವಿಗೆ ಇನ್ನೊಂದೀಟ ನೀರಾಗತಿತ್ತು."

ಉಡಿ ತುಂಬಿದ್ದು

ಬಸವನ ಬಾಗೇವಾಡಿಯ ಕಡೆ ಒಂದು ಹಳೆಯ ವಾಡೆ ಇದೆ. ಧಾರಾವಾಹಿಯ ಕುಟುಂಬ ಇರುವುದು ಅದರಲ್ಲೇ. ಕಥೆಯಲ್ಲಿ ಆ ಮನೆಯ ಸೊಸೆ ಈಗ ಬಸುರಿ. ಅವಳ ಉಡಿ ತುಂಬುವವರು ಯಾರೂ ಇಲ್ಲವೆಂದು ಅವ್ವನಿಗೆ ಚಿಂತೆ. ಹಾಗಾಗಿ ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಶಿಣ ಬೇರು, ಒಂದು ಕುಬಸದ ಖಣ ಎಲ್ಲ ಕಟ್ಟಿಕೊಂಡೇ ಬಂದಿದ್ದಳು. ಬೆಳಿಗ್ಗೆ ತಡವಾದದ್ದು ಯಾಕೆಂದು ನನಗೆ ಆಗ ತಿಳಿಯಿತು.

ಈ ಸಲ ನಾನು ಎಂಜಿನ್ ಬಂದ್ ಮಾಡಲಿಲ್ಲ. ಕೂಸನ್ನು ಮಲಗಿಸಿಕೊಂಡು ಅಂಗಳದಲ್ಲೇ ಗಾಡಿಯೊಳಗೆ ಕೂತೆ. ಕಿಟಕಿಯಿಂದ ಎಲ್ಲ ಕಾಣಿಸುತ್ತಿತ್ತು, ಕೇಳಿಸುತ್ತಿತ್ತು.

ಅವ್ವ ಪಡಸಾಲೆಗೆ ಹೋದವಳೇ, "ಸೊಸಿ ಎಲ್ಲಿ ಅದಾಳ್ರಿ?" ಎಂದಳು.

ಮನೆಯ ಯಜಮಾನಿತಿಗೆ ಇದು ರೂಢಿಯಾಗಿತ್ತು. "ಟಿವಿ ಸೊಸಿ ಬೇಕಾಗ್ಯಾಳೋ, ನಮ್ಮ ಸೊಸಿನೋ? ಟಿವಿದಾಕಿ ಇಲ್ಲಿ ಶೂಟಿಂಗ್ ಮುಗಿಸಿ ಎದ್ದು ಹೋದಳು. ನಮ್ಮಾಕಿ ಹೊತ್ತು ಹೊಂಟಾಗಿನಿಂದ ರೊಟ್ಟಿ ಬಡಿಯಾಕತ್ಯಾಳ."

ತಂದ ಉಡಿಯನ್ನು ತಿರುಗಿ ಒಯ್ಯಬಾರದು. ಅವ್ವ ಆ ಸೊಸೆಯನ್ನೇ ಕರೆದು ಮಣೆಯ ಮೇಲೆ ಕೂಡ್ರಿಸಿದಳು. ಹಿಟ್ಟಿನ ಕೈ ಒರೆಸಿಕೊಂಡು ಸೆರಗೊಡ್ಡಿದ ಆ ಹೆಣ್ಣುಮಗಳ ಕಣ್ಣು ತುಂಬಿತು. "ಎಷ್ಟ ಮಂದಿ ಬಂದು ಸೊಸಿ ಎಲ್ಲಿ ಅಂತಾರ್ರಿ. ನನ್ನ ಕೇಳಿದವರು ನೀವ ಮೊದಲು" ಎಂದಳು. ನನಗೂ ಪಾಪ ಅನಿಸಿತು. ಅವ್ವ ಅಂತೂ ಕರಗಿಹೋಗಿ, ಮನೆಯಿಂದ ಕಲಿತುಕೊಂಡು ಬಂದ ಹರಕೆಯನ್ನೇ ಹರಸಿದಳು. "ಬರೂ ವರ್ಷದಾಗ ತೊಟ್ಟಿಲ ತೂಗಲಿ, ಅವಳಿಜವಳಿ ಆಗಲಿ!"

ಸೊಸೆಯ ಅಳು ಗಕ್ಕನೆ ನಿಂತಿತು. "ಬ್ಯಾಡ್ರೀ ಯವ್ವಾ! ಮೂರ ಅದಾವು, ಆಪರೇಶನ್ ಆಗೇತಿ. ಅಕ್ಕಿ ಖಣ ಅಷ್ಟ ಇರಲಿ, ಆಶೀರ್ವಾದ ನೀವ ಒಯ್ರಿ."

ಮೂಕ ಡ್ರೈವರ್

ನಿಡಗುಂದಿಯಲ್ಲಿ ನೋಡಬೇಕಾದದ್ದು ಒಂದು ಬಸ್ ನಿಲ್ಲುವ ಜಾಗ. ನಾಯಕ ನಾಯಕಿಯನ್ನು ಬಿಟ್ಟು ಬಸ್ ಹತ್ತಿದ್ದು ಅಲ್ಲಿ. ಅತ್ತೆ ಸೊಸೆ ಇಳಿದು ಹೋದರು. ನಾನು ಎಂಜಿನ್ ಚಾಲೂ ಇಟ್ಟುಕೊಂಡು ಕೂತಿದ್ದೆ. ಬಸ್ ನಿಲ್ಲುವ ಕಡೆ ಚಾಲೂ ಇಟ್ಟ ಗಾಡಿ ಕಂಡರೆ ನಮ್ಮ ಕಡೆಯವರು ಅದು ಪ್ಯಾಸೆಂಜರ್ ಗಾಡಿ ಎಂದೇ ತಿಳಿಯುತ್ತಾರೆ. ಗಂಟು ಹೊತ್ತ ಒಬ್ಬ ಹೆಂಗಸು ಮುಂದಿನ ಬಾಗಿಲು ತೆಗೆದು ಕೂತೇಬಿಟ್ಟಳು. "ಮುದ್ದೇಬಿಹಾಳಕ್ಕ ಹೋಕ್ಕೈತೇನಪಾ?"

ಹಿಂದಿನ ಸೀಟಿನಲ್ಲಿ ಕೂಸಿಗೆ ಆಗಷ್ಟೇ ನಿದ್ದೆ ಹತ್ತಿತ್ತು, ಬಾಯಿ ತೆರೆದರೆ ಎದ್ದೀತು. ನಾನು ತುಟಿಯ ಮೇಲೆ ಬೆರಳಿಟ್ಟು, ಹೌದೆಂದು ತಲೆಯಾಡಿಸಿದೆ. ಹೇಗೂ ಹೋಗುವ ದಾರಿ. ತಿರುಗಿ ಬಂದ ಹೆಂಡತಿ, ಅವ್ವ ಕೂಡ ಕೂಸನ್ನು ನೋಡಿ, ಕೈಸನ್ನೆಯಲ್ಲೇ ನನ್ನನ್ನು ಬೈದು ಹಿಂದೆ ಕೂತರು. ಮುದ್ದೇಬಿಹಾಳದವರೆಗೆ ಕಾರಿನಲ್ಲಿ ಒಂದು ಮಾತಿಲ್ಲ. ಆ ಹೆಂಗಸು ಮಾತ್ರ ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿ ಲೊಚಗುಟ್ಟುತ್ತಿದ್ದಳು. ಇಳಿದವಳು ಬಾಗಿಲನ್ನು ಧಡಾರನೆ ಹಾಕಿದಳು. ಕೂಸು ಎದ್ದು ಆಕಾಶ ಹರಿಯುವಂತೆ ಕಿರುಚಿತು.

ಹೆಂಗಸಿನ ಮುಖ ಅರಳಿತು. ಎರಡೂ ಕೈ ಎತ್ತಿ ಮುಗಿದಳು. "ನಮ್ಮಪ್ಪ ಬಸವಣ್ಣಾ, ಇಡೀ ಮನಿತನ ಮೂಕ ಮಾಡಿದ್ರೂ ಕೂಸಿಗೆ ದನಿ ಕೊಟ್ಟೀಯಲ್ಲೋ!"

ಹೊಳೆಯ ಮೆಟ್ಟಿಲು

ತಂಗಡಗಿಗೆ ಬಂದಾಗ ಮಧ್ಯಾಹ್ನ ಇಳಿದಿತ್ತು. ನಾಯಕಿ ಬಂದು ಅಳುವ ಹೊಳೆಯ ಮೆಟ್ಟಿಲು ಅಲ್ಲಿದೆ. ಹೋದರೆ ನಿಜವಾಗಿಯೂ ಶೂಟಿಂಗ್ ನಡೆಯುತ್ತಿತ್ತು! ಹೆಂಡತಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಅದರ ಮೇಲೆ ಡೈರೆಕ್ಟರೇ ಓಡಿ ಬಂದ. "ಸಾರ್, ಮೇಡಂ, ನಮ್ಮ ಸೀನಿನ ಮಗುವಿಗೆ ಜ್ವರ ಬಂದುಬಿಟ್ಟಿದೆ. ನಿಮ್ಮ ಮಗು ಐದು ನಿಮಿಷ ಅತ್ತರೆ ಸಾಕು."

"ಅಳೂದು? ಅದರಾಗ ನಮ್ಮದರ ಸರಿ ಯಾರೂ ಇಲ್ರಿ" ಎಂದು ನಾನು ಜಂಬದಿಂದ ಎಂಜಿನ್ ಬಂದ್ ಮಾಡಿದೆ.

ಕೂಸು ಏಳಲಿಲ್ಲ. ಹೊಳೆಯ ಗಾಳಿ ತಣ್ಣಗೆ ಬೀಸುತ್ತಿತ್ತು. ನಾಯಕಿಯ ಕೈಗೆ ಕೊಟ್ಟೆವು, ಏಳಲಿಲ್ಲ. ಚಪ್ಪಾಳೆ ತಟ್ಟಿದರು, ಗಿಲಕಿ ಆಡಿಸಿದರು, ಅದು ಸಣ್ಣಗೆ ಗೊರಕೆ ಹೊಡೆಯಿತು. "ಮೇಡಂ, ಸ್ವಲ್ಪ ಚಿವುಟ್ತೀರಾ?" ಎಂದ ಡೈರೆಕ್ಟರು.

ಹೆಂಡತಿ ಒಮ್ಮೆ ಕ್ಯಾಮೆರಾ ನೋಡಿದಳು, ಒಮ್ಮೆ ಕೂಸನ್ನು ನೋಡಿದಳು. ಟಿವಿಯಲ್ಲಿ ಮಗ ಬರಬೇಕೆಂಬ ಆಸೆ ಅವಳ ಮುಖದ ಮೇಲೆ ಎದ್ದು ಕಾಣುತ್ತಿತ್ತು. ಆದರೂ ಕೂಸನ್ನು ಕಸಿದುಕೊಂಡಳು. "ಹತ್ತ ತಿಂಗಳಾತ್ರೀ ನಾ ನಿದ್ದಿ ಮಾಡಿ. ಇದನ್ನ ಎಬ್ಬಿಸಿದವರನ್ನ ಹೊಳಿಗೆ ದಬ್ಬತೇನಿ ನೋಡ್ರಿ ಮತ್ತ!"

ಕೂಸನ್ನು ಮೆಟ್ಟಿಲ ಮೇಲೆ ಮಲಗಿಸಿ ಪಕ್ಕಕ್ಕೆ ತಾನೂ ಉರುಳಿದಳು. ಆಚೆ ಬದಿಗೆ ಅವ್ವ, ಅವ್ವನಾಚೆ ನಾನು. ನೊಣ ಕೂಡಬಾರದೆಂದು ಅವ್ವ ಕೂಸಿಗೆ ಹಾಸಲು ತಂದಿದ್ದ ಬಿಳಿ ಧೋತರವನ್ನು ನಮ್ಮ ಮೂವರ ಮುಖದ ಮೇಲೂ ಎಳೆದಳು. ಡೈರೆಕ್ಟರು ಬಗ್ಗಿ ಮೆಲ್ಲಗೆ ಏನೋ ಕೇಳಿದ. ನಾನು ನಿದ್ದೆಗಣ್ಣಲ್ಲೇ ಹೂಂ ಎಂದೆ. ಎಚ್ಚರಾದಾಗ ಸೂರ್ಯ ಇಳಿಯುತ್ತಿದ್ದ, ಶೂಟಿಂಗಿನವರು ಯಾರೂ ಇರಲಿಲ್ಲ. ಅಂಥ ನಿದ್ದೆ ನಾನು ಮದುವೆಯಾದ ಮೇಲೆ ಮಾಡಿಯೇ ಇರಲಿಲ್ಲ.

ಕೆಲವು ದಿನಗಳಾದ ಮೇಲೆ ಆ ಎಪಿಸೋಡು ಬಂತು. ಹೊಳೆಯಲ್ಲಿ ದೋಣಿ ಮುಳುಗಿದೆ. ಮೆಟ್ಟಿಲ ಮೇಲೆ ಬಿಳಿ ಬಟ್ಟೆ ಹೊದಿಸಿದ ಮೂರು ಹೆಣ, ನಡುವೆ ಬದುಕುಳಿದ ಒಂದು ಕೂಸು. ನಾಯಕಿ ಎದೆ ಬಡಿದುಕೊಂಡು ಅಳುತ್ತಿದ್ದಾಳೆ. ಧೋತರದ ಹೊರಗೆ ಚಾಚಿದ್ದ ಒಡೆದ ಹಿಮ್ಮಡಿ ನೋಡಿ ಹೆಂಡತಿ ನನ್ನನ್ನು ತಿವಿದಳು. "ರೀ, ಇದು ನಿಮ್ಮ ಕಾಲು!"

ಅವ್ವನಿಗೆ ಕಣ್ಣಿನ ಪೊರೆ, ಏನೂ ಗುರುತು ಹತ್ತಲಿಲ್ಲ. ತೊಡೆಯ ಮೇಲೆ ನಮ್ಮ ಕೂಸು ಯಥಾಪ್ರಕಾರ ಕಿರುಚುತ್ತಿತ್ತು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಅದನ್ನು ಎತ್ತಿ ನನ್ನ ಕೈಗೆ ತುರುಕಿದಳು.

"ಹಿಡಿ ಈ ಪೀಡಾನ. ಅಲ್ಲಿ ಆ ಬಂಗಾರದಂಥಾ ಕೂಸು ತಬ್ಬಲಿ ಆಗೇತಿ, ಅದನ್ನ ಯಾರ ಜ್ವಾಪಾನ ಮಾಡ್ತಾರ ನೋಡಬೇಕು ನಾನು!"