ಹಿಂದಿನ ಕೋಣೆಯ ಬಹುಮತ

ಯಾವ ಪಕ್ಷ ಯಾರ ಕೈ ಹಿಡಿಯುತ್ತದೆ, ಯಾವಾಗ ಕೈ ಕೊಡುತ್ತದೆ ಎಂದು ಪತ್ರಿಕೆಗೆ ಬರೆಯುವ ನಮ್ಮ ಅಂಕಣಕಾರರಿಗೆ ಕೂತು ಬರೆಯಲು ಮನೆಯಲ್ಲಿ ಒಂದು ಮೂಲೆ ಇರಲಿಲ್ಲ. ಹಾಲ್ ತುಂಬ ಅಮ್ಮನ ಮಂಚ, ಭಾವಮೈದನ ಸೈಕಲ್ಲು, ಮಗಳ ಡ್ರಮ್ಮು. ಅವರು ಮೇಜು ಎಳೆದುಕೊಂಡು ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಬಾಲ ಸುಟ್ಟ ಬೆಕ್ಕಿನಂತೆ ಸುತ್ತುತ್ತಿದ್ದರು. ಜೀವಕ್ಕೆ ನೆಮ್ಮದಿಯೇ ಇರಲಿಲ್ಲ.

ಹಳೇ ಸಾಮಾನೆಲ್ಲ ಗುಜರಿಗೆ ಹೋಗಿ ಹಿಂದಿನ ಕೋಣೆ ಖಾಲಿಯಾದ ದಿನವೇ ಶ್ರೀಮತಿಯವರು, "ಅದು ನನ್ನ ಹೊಲಿಗೆ ಮಷೀನಿಗೆ" ಎಂದರು.

"ನನ್ನ ಬರವಣಿಗೆ?"

"ದಿನಾ ಜನಾದೇಶ, ಜನಾದೇಶ ಅಂತೀರಲ್ಲ? ಸಂಜೆ ವೋಟಿಗೆ ಹಾಕೋಣ."

ಮನೆಯಲ್ಲಿರುವುದು ಐದು ವೋಟು. ಅಂಕಣಕಾರರು ಮೊದಲು ಅಮ್ಮನ ಬಳಿ ಹೋದರು.

"ನನಗೇನು ಸಿಗುತ್ತೋ?" (ಹೆತ್ತ ತಾಯಿ ಕೇಳುವ ಮಾತೇ ಇದು!)

"ನಿನ್ನ ಮಂಚ ಅಲ್ಲೇ ಹಾಕಿಸ್ತೀನಮ್ಮ. ಒಳ್ಳೇ ಗಾಳಿ."

ಭಾವಮೈದ ಕಿಲಾಡಿ. "ಅಕ್ಕನ ವಿರುದ್ಧ ಕೈ ಎತ್ತೋದು ತಮಾಷೆನಾ ಭಾವ? ಸೈಕಲ್ಲಿಗೆ ಒಂದು ಗೋಡೆ ಬೇಕು." ಗೋಡೆ ಮಂಜೂರಾಯಿತು.

ಅಲ್ಲಿಗೆ ಬಹುಮತ ಬಂತು. ಬೇರೆಯವರಾಗಿದ್ದರೆ ಹೋಗಿ ಕಾಲು ಚಾಚುತ್ತಿದ್ದರು. ಆದರೆ ಒಂದೇ ವೋಟಿನಿಂದ ಮಗುಚಿಬಿದ್ದ ಸರ್ಕಾರಗಳ ಬಗ್ಗೆ ಬರೆದೂ ಬರೆದೂ ಇವರಿಗೆ ಯಾರ ಮೇಲೂ ನಂಬಿಕೆಯಿಲ್ಲ. ಮುನ್ನೆಚ್ಚರಿಕೆಗೆ ಮಗಳನ್ನೂ ಹಿಡಿದರು.

"ಡ್ರಮ್ ಸೆಟ್ ಪೂರ್ತಿ ಅಲ್ಲಿರಬೇಕಪ್ಪ. ಯಾವಾಗ ಬೇಕಾದ್ರೂ ಬಾರಿಸ್ತೀನಿ."

"ಬಾರಿಸು ತಾಯಿ, ಬಾರಿಸು."

ಸಂಜೆ ನಾಲ್ಕು ಕೈ ಮೇಲೆದ್ದವು. ಶ್ರೀಮತಿಯವರು ಮುನಿಸಿಕೊಳ್ಳಲೂ ಇಲ್ಲ. ಅಂಕಣಕಾರರು ಜನತಂತ್ರದ ಹಿರಿಮೆಯ ಬಗ್ಗೆ ನಾಲ್ಕು ಮಾತಾಡಿ ಮುಗಿಸುವಷ್ಟರಲ್ಲಿ ಮಿತ್ರಪಕ್ಷಗಳು ಕೋಣೆಗೆ ನುಗ್ಗಿದವು. ಮಂಚ ಹೋಯಿತು, ಸೈಕಲ್ಲು ಹೋಯಿತು, ಡ್ರಮ್ಮುಗಳು ಒಂದರ ಹಿಂದೊಂದು ಹೋದವು. ಕೊನೆಗೆ ನಾಯಕರು ತಂದ ಮೇಜು ಬಾಗಿಲಲ್ಲೇ ಸಿಕ್ಕಿಕೊಂಡಿತು.

"ಕಾಲಿಡೋಕೂ ಜಾಗ ಇಲ್ಲ ಕಣೋ, ಆಚೆ ಹೋಗು" ಎಂದರು ಅಮ್ಮ, ಮಂಚದ ಮೇಲಿಂದ.

ಬೆವರು ಒರೆಸಿಕೊಂಡು ತಿರುಗಿ ನೋಡಿದರೆ ಹಾಲ್ ಮೈದಾನದಂತೆ ಖಾಲಿ. ಕಿಟಕಿಯ ಬಳಿ, ಒಳ್ಳೆಯ ಬೆಳಕಿನಲ್ಲಿ, ಶ್ರೀಮತಿಯವರ ಮಷೀನು ಆಗಲೇ ಗರಗರ ಓಡುತ್ತಿತ್ತು.

"ಅಂಕಣ ಇವತ್ತೇ ಕಳಿಸಬೇಕು ಕಣೇ," ಅವರ ದನಿ ನೆಲಕ್ಕಿಳಿದಿತ್ತು. "ಇಲ್ಲೊಂದು ಮೂಲೆ ಕೊಟ್ಟರೆ..."

"ಅದಕ್ಕೇನು, ಧಾರಾಳವಾಗಿ ಕೂತ್ಕೊಳ್ಳಿ. ಷರತ್ತು ಒಂದೇ." ಶ್ರೀಮತಿಯವರು ಶರ್ಟುಗಳ ರಾಶಿಯನ್ನು ಇವರ ಮುಂದೆ ತಳ್ಳಿದರು. "ಮೊದಲು ಇವಕ್ಕೆಲ್ಲ ಗುಂಡಿ ಹಾಕಿ."

ಹಿಂದಿನ ಕೋಣೆಯಲ್ಲಿ ಡ್ರಮ್ಮು ಶುರುವಾಯಿತು. ಬಹುಮತದ ನಾಯಕರು ಕನ್ನಡಕ ಏರಿಸಿಕೊಂಡು ಸೂಜಿಗೆ ದಾರ ಪೋಣಿಸತೊಡಗಿದರು.