ಜಗಳ ಬೇಕಾಗಿದೆ

ಮಹಡಿ ಮನೆಯ ದರ್ಜಿಯೂ ಅವನ ಹೆಂಡತಿಯೂ ರಾಜಿಯಾಗಿಬಿಟ್ಟಿದ್ದೇ ಎಲ್ಲ ಫಜೀತಿಗೂ ಮೂಲ.

ಬೆಳಗಾಯಿತೆಂದರೆ ಆ ಮನೆಯಲ್ಲಿ ಪಾತ್ರೆ ಬೀಳುವ ಸದ್ದು, ಬಾಗಿಲು ಬಡಿಯುವ ಸದ್ದು. ಕೆಳಗಿನ ಮನೆಯ ಕನ್ನಡಕದಂಗಡಿಯವನು ಅದನ್ನೇ ನಂಬಿಕೊಂಡು ಕೂತಿದ್ದ. ಕುಟುಂಬ ಸಮಾಲೋಚನೆಯ ಸಂಜೆ ತರಗತಿಗೆ ಸೇರಿದ್ದ ಅವನಿಗೆ ಅಂದು ಮಧ್ಯಾಹ್ನ ಪರೀಕ್ಷೆ. ಕಚ್ಚಾಡುವ ಸಂಸಾರವೊಂದನ್ನು ಕರೆದೊಯ್ದು ಕೋಣೆಯಲ್ಲಿ ಕೂರಿಸಿ ಮಾತಾಡಿಸಬೇಕು. ಗಾಜಿನ ಆಚೆ ಕುಳಿತು ಮೇಡಂ ಮತ್ತು ಸಹಪಾಠಿಗಳು ನೋಡುತ್ತಾರೆ. ಹೋದ ವರ್ಷ ಒಮ್ಮೆ ಡುಮ್ಕಿ ಹೊಡೆದಿದ್ದಾಗಿತ್ತು. ಈ ಸಲವಾದರೂ ಪಾಸಾದರೆ ಊರವರ ಕನ್ನಡಕ ಒರೆಸುವುದು ಬಿಟ್ಟು ಸಲಹೆಗಾರನ ಕುರ್ಚಿಯಲ್ಲಿ ಕೂರಬಹುದೆಂದು ಪಾಪ, ಬಹಳ ಆಸೆ ಇಟ್ಟುಕೊಂಡಿದ್ದ.

ಮೆಟ್ಟಿಲು ಹತ್ತಿ ಹೋಗಿ ನೋಡಿದರೆ ದರ್ಜಿ ಹೆಂಡತಿಯ ರವಿಕೆಗೆ ಗುಂಡಿ ಹೊಲಿಯುತ್ತಿದ್ದಾನೆ, ಆಕೆ ಅವನ ಬಾಯಿಗೆ ಬಿಸ್ಕತ್ತು ಇಡುತ್ತಿದ್ದಾಳೆ!

"ಏನ್ರೀ ಇದು ಅನ್ಯಾಯ!"

"ಕೂತು ಮಾತಾಡ್ಕೊಂಡ್ವಿ ಸಾರ್. ಇನ್ಮೇಲೆ ಜಗಳ ಗಿಗಳ ಏನಿಲ್ಲ," ಅಂದ ದರ್ಜಿ.

"ನಾಳೆಯಿಂದ ಬಿಡಬಹುದಿತ್ತಲ್ಲಪ್ಪ! ಇವತ್ತೊಂದು ದಿನ ತಡ್ಕೋಬಾರ್ದಿತ್ತಾ?"

ತೊಂದರೆ ಒಬ್ಬರ ತಲೆಯೊಳಗೆ ಇರುವುದಿಲ್ಲ, ಮನೆಯವರೆಲ್ಲರ ನಡುವೆ ಇರುತ್ತದೆ. ಆದ್ದರಿಂದ ಒಬ್ಬರ ಮನಸ್ಸಿನಲ್ಲಿರುವುದನ್ನು ಇನ್ನೊಬ್ಬರ ಬಾಯಿಂದ ಕೇಳಿ ತಿಳಿಯಬೇಕು ಅಂತ ಮೇಡಂ ಕಲಿಸಿದ್ದರು. ಆರಿದ ಬೆಂಕಿಯನ್ನು ಆ ಪಾಠದಿಂದಲೇ ಕೆದಕೋಣವೆಂದು ಅವನು ಗಂಟಲು ಸರಿಮಾಡಿಕೊಂಡ.

"ನಿಮ್ಮತ್ತೆಗೆ ನಿಮ್ಮ ಮೇಲೆ ಸಿಟ್ಟು ಬಂದಿದೆ ಅಂತ ನಿಮ್ಮ ಹೆಂಡ್ತಿ ಅಂದ್ಕೊಂಡಿದ್ದಾರೆ ಅಂತ ನಿಮಗೆ ಅನ್ನಿಸಿದಾಗ, ಅವರಿಗೆ ಏನನ್ನಿಸುತ್ತೆ?"

ದರ್ಜಿ ಸೂಜಿ ಕೆಳಗಿಟ್ಟ. "ಸಾರ್, ಸಿಟ್ಟು ಯಾರಿಗೆ?"

ಕನ್ನಡಕದವನು ಯೋಚಿಸಿದ. ಅವನಿಗೂ ಗೊತ್ತಾಗಲಿಲ್ಲ.

"ನಮ್ಮಮ್ಮನ ಸುದ್ದಿ ನಿಮಗ್ಯಾಕ್ರೀ?" ಎಂದು ದರ್ಜಿಯ ಹೆಂಡತಿ ಎದ್ದು ನಿಂತಳು.

ಅಷ್ಟರಲ್ಲಿ ಪಕ್ಕದ ಬಾಗಿಲಿಂದ ನಿವೃತ್ತ ಪೋಸ್ಟ್‌ಮ್ಯಾನ್ ತಲೆ ಹಾಕಿದರು. ಎಲ್ಲಿ ಎರಡು ದನಿ ಕೇಳಿದರೂ ಮೂರನೆಯದು ಅವರದ್ದೇ. "ಜಗಳ ಆಡೋರು ಬೇಕಾ? ನಾನಿರೋದು ಒಬ್ನೇ, ಆದ್ರೂ ನನಗೂ ನನಗೂ ಸರಿಹೋಗಲ್ಲ. ನಾನು ಬರ್ಲಾ?"

"ನೀವು ಸುಮ್ನಿರಿ ತಾತ!" ಅಂದ ಕನ್ನಡಕದವನು.

"ಸಂಸಾರ ಒಡೆಯೋಕೆ ಬಂದಿದಾರೆ, ನೋಡಿ ತಾತ!" ಎಂದು ದರ್ಜಿಯ ಹೆಂಡತಿ ಕೂಗಿದಳು. ಕನ್ನಡಕದವನು ಮೆಟ್ಟಿಲಿಳಿದು ಓಡಿದ, ದರ್ಜಿ ಇಂಚುಪಟ್ಟಿ ಬೀಸುತ್ತ ಹಿಂದೆಯೇ ಬಂದ. ಮದುವೆಯಾದಾಗಿನಿಂದ ಗಂಡ ಹೆಂಡತಿ ಇಷ್ಟೊಂದು ಒಗ್ಗಟ್ಟಾಗಿ ಮಾಡಿದ ಕೆಲಸ ಇನ್ನೊಂದಿರಲಿಲ್ಲ.

ಕೆಳಗೆ ಕನ್ನಡಕದವನ ತಾಯಿಯೂ ಹೆಂಡತಿಯೂ ಬಾಗಿಲಲ್ಲೇ ನಿಂತು ತಮಾಷೆ ನೋಡುತ್ತಿದ್ದರು.

"ಮುಖ ಯಾಕ್ರೀ ಹಾಗೆ ಜೋಲು ಹಾಕ್ಕೊಂಡಿದೀರಾ? ನಾವೇ ಬರ್ತೀವಿ ನಡೀರಿ," ಅಂದಳು ಹೆಂಡತಿ.

ಸ್ವಂತ ಮನೆಯ ಜಗಳ ನಾಲ್ಕು ಜನರಿಗೆ ತೋರಿಸಲು ನಾಚಿ ಇವರನ್ನು ಕರೆದಿರದಿದ್ದ ಅವನಿಗೆ ಹೋದ ಜೀವ ಬಂದಂತಾಯಿತು. ಅತ್ತೆ ಸೊಸೆ ಅಡುಗೆಮನೆಯಲ್ಲಿ ಹಾವು ಮುಂಗುಸಿಯಂತೆ ಇದ್ದುದನ್ನು ನೋಡಲಾರದೆ ತಾನೇ ಅವನು ಆ ತರಗತಿಗೆ ಸೇರಿದ್ದು!

ಮಧ್ಯಾಹ್ನ ಪರೀಕ್ಷೆಯ ಕೋಣೆಯಲ್ಲಿ ಇಬ್ಬರನ್ನೂ ಎದುರುಬದುರು ಕೂರಿಸಿ, "ಹೂಂ, ಉಪ್ಪಿನ ಡಬ್ಬಿ ಯಾವ ಹಲಗೆ ಮೇಲಿರಬೇಕು? ಹೇಳಿ," ಎಂದು ಆಸೆಯಿಂದ ನೋಡಿದ.

"ಅವಳಿಟ್ಟ ಕಡೆ ಇರ್ಲಪ್ಪ," ಅಂದರು ತಾಯಿ.

"ಅತ್ತೆ ಹೇಳಿದ ಕಡೆ ಇರ್ಲಿ," ಅಂದಳು ಹೆಂಡತಿ.

ಅವನಿಗೆ ತಲೆಬುಡ ತಿಳಿಯಲಿಲ್ಲ. ಇವರಿಗೇನಾಗಿದೆ? ಕೊನೆಗೆ ಮೇಡಂ ಕಲಿಸಿದ್ದ ಇನ್ನೊಂದು ಉಪಾಯದಂತೆ, ಮನೆಯಲ್ಲಿ ಯಾರು ಹೇಗಿದ್ದಾರೋ ಹಾಗೆಯೇ ಬೊಂಬೆಗಳಂತೆ ನಿಂತು ತೋರಿಸಿ ಎಂದು ಕೇಳಿಕೊಂಡ. ಅವರು ಅವನನ್ನೇ ಸ್ಟೂಲಿನ ಮೇಲೆ ಹತ್ತಿಸಿ, ಬೆರಳು ಮೇಲೆತ್ತಿಸಿ, ಗೋಡೆಗೆ ಭಾಷಣ ಮಾಡುವವನ ಹಾಗೆ ನಿಲ್ಲಿಸಿದರು. ಆಮೇಲೆ ಅವನ ಬೆನ್ನ ಹಿಂದೆ ಒಬ್ಬರ ಹೆಗಲ ಮೇಲೊಬ್ಬರು ಕೈಹಾಕಿ ಕಿಸಕ್ಕನೆ ನಕ್ಕರು.

ಗಾಜಿನ ಆಚೆಯೂ ನಗು ಕೇಳಿಸಿತು. ಮೇಡಂ ಒಳಗೆ ಬಂದರು. "ನೀವಿಬ್ರೂ ಯಾವಾಗಿಂದ ಇಷ್ಟು ಅನ್ಯೋನ್ಯ?"

"ಇವನು ನಿಮ್ಮ ಕ್ಲಾಸಿಗೆ ಸೇರಿದ ಮೇಲೇನಮ್ಮ," ಅಂದರು ತಾಯಿ. "ಮನೆಗೆ ಬಂದು ಏನೇನೋ ಕೇಳ್ತಾನೆ. ಅದನ್ನ ನೆನೆಸ್ಕೊಂಡು ನಗೋದೇ ಆಗುತ್ತೆ, ಜಗಳಕ್ಕೆ ಪುರಸೊತ್ತೆಲ್ಲಿ?"

"ಇವತ್ತು ಪಾಸಾದ್ರೆ ಕ್ಲಾಸು ಮುಗಿಯುತ್ತಲ್ಲ. ಆಮೇಲೆ?" ಅಂದರು ಮೇಡಂ.

ಇಬ್ಬರ ನಗುವೂ ನಿಂತಿತು. ಹೆಗಲ ಮೇಲಿನ ಕೈಗಳು ಇಳಿದವು.

"ಆಮೇಲೆ ಉಪ್ಪಿನ ಡಬ್ಬಿ ಮೇಲಿನ ಹಲಗೆಗೇ ಹೋಗ್ಬೇಕು," ಅಂದರು ತಾಯಿ.

"ಕೆಳಗಿನದಕ್ಕೆ!"

"ನನ್ನ ಅಡುಗೆಮನೇಲಿ ನನಗೇ ಹೇಳ್ಕೊಡ್ತೀಯಾ?"

"ಬಂತು! ಜಗಳ ಬಂತು ಮೇಡಂ!" ಎಂದು ಅವನು ಸ್ಟೂಲಿನ ಮೇಲೇ ಕುಣಿದ.

"ಬಂತು. ನೀವು ಪಾಸಾಗ್ತೀರ ಅಂದ ತಕ್ಷಣ ಬಂತು," ಅಂದರು ಮೇಡಂ. "ನಿಮ್ಮನ್ನ ಪಾಸು ಮಾಡಿದ್ರೆ ಒಂದು ಮನೆ ಹಾಳು ಮಾಡಿದ ಹಾಗಾಗುತ್ತೆ. ಫೇಲು."

"ನಮ್ಮ ಸಂಸಾರ ನಾನೇ ಸರಿಮಾಡಿದೀನಲ್ಲ ಮೇಡಂ!"

"ಸರಿಹೋಗಿರೋದು ನೀವು ಫೇಲಾಗಿರೋದರಿಂದ."

ಇದು ಹೊಗಳಿಕೆಯೋ ಬೈಗುಳವೋ ಅವನಿಗೆ ತಿಳಿಯಲಿಲ್ಲ. ಅಳು ಬಂದ ಹಾಗಾಯಿತು. ಯಾರಾದರೂ ಸಮಾಧಾನ ಹೇಳಿಯಾರೆಂದು ಸ್ಟೂಲಿನಿಂದ ಇಳಿದು ಹಿಂತಿರುಗಿದರೆ, ಅತ್ತೆ ಸೊಸೆ ಕೈಕೈ ಹಿಡಿದುಕೊಂಡು ಆಗಲೇ ಮೇಡಂ ಬಳಿ ಹೋಗಿ ನಿಂತಿದ್ದರು.

"ಮೇಡಂ," ಹೆಂಡತಿ ಕೇಳುತ್ತಿದ್ದಳು, "ಇದಕ್ಕಿಂತ ಉದ್ದದ ಕೋರ್ಸು ಯಾವುದಾದ್ರೂ ಇದೆಯಾ?"